ತತ್ತಿ ಬಿಟ್ಟ ಜಾಗಕ್ಕೆ ಕಾಳು ಬರಲಿ

"ಹುಡುಗಗ ತತ್ತಿ ಆಗಿಬರೂದಿಲ್ಲಂತ ಡಾಕ್ಟರ್ ಹೇಳ್ಯಾರ, ಮುಂಜಾನೆ ನಾಷ್ಟಾಕ್ಕ ಏನ್ ಮಾಡ್ಲಿ?" ಅಂತ ಯಾರಾದರೂ ಕೇಳಿದರೆ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಉತ್ತರ ತಯಾರೇ ಇರುತ್ತದೆ: "ಅದಕ್ಯಾಕ ಚಿಂತಿ, ಉಪ್ಪಿಟ್ಟು ಮಾಡ್ರಿ, ಅವಲಕ್ಕಿ ಮಾಡ್ರಿ, ಚುರಮುರಿ ಸುಸಲಾ ಮಾಡ್ರಿ."

ಮೂರೂ ಛಲೋ ತಿಂಡಿಗಳೇ, ಮೂರರಲ್ಲೂ ತತ್ತಿ ಇಲ್ಲ. ನನ್ನ ತಕರಾರು ಬೇರೆ. ತತ್ತಿ ತೆಗೆದ ಮೇಲೆ ಆ ಜಾಗಕ್ಕೆ ಮತ್ತೊಂದು ಸೌಟು ಉಪ್ಪಿಟ್ಟು ಬಂದು ಕೂತರೆ ಹನ್ನೊಂದು ಗಂಟೆಗೆ ಮಗು ಮತ್ತೆ ಹಸಿವು ಅನ್ನುತ್ತದೆ. ಅಲ್ಲಿ ಬರಬೇಕಾದದ್ದು ಕಾಳು. ಹೆಸರು, ಮಡಕಿ, ಕಡ್ಲಿ, ಶೇಂಗಾ ನಮ್ಮ ಅಡಿಗೆಮನೆಯಲ್ಲಿ ಯಾವತ್ತೂ ಇವೆ, ಆದರೆ ಅವನ್ನೆಲ್ಲ ಮಧ್ಯಾಹ್ನದ ರೊಟ್ಟಿಯ ಜೊತೆಗೇ ಮೀಸಲಿಟ್ಟು ಮುಂಜಾನೆಯನ್ನು ರವಾಕ್ಕೂ ಅವಲಕ್ಕಿಗೂ ಬಿಟ್ಟುಕೊಟ್ಟಿದ್ದೇವೆ.

ಲೆಕ್ಕ ನೋಡ್ರಿ. ಒಂದು ತತ್ತಿ ಸುಮಾರು 50 ಗ್ರಾಂ, ಅದರಲ್ಲಿ ಪ್ರೋಟೀನ್ 6 ಗ್ರಾಂ. 50 ಗ್ರಾಂ ರವಾದಲ್ಲೂ ಐದು ಗ್ರಾಂ ಇದೆಯಲ್ಲ ಅಂತ ವಾದ ಮಾಡಬಹುದು, ಇದೆ ಕೂಡ. ಆದರೆ ಗೋಧಿ, ಜೋಳ, ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಅನ್ನುವ ಅಂಶ ಕಡಿಮೆ. ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕೊರತೆ ಇರುವ ಮೆಥಿಯೊನಿನ್ ಜೋಳ-ಅಕ್ಕಿಯಲ್ಲಿ ಸಿಗುತ್ತದೆ. ರೊಟ್ಟಿಗೆ ಕಾಳುಪಲ್ಯ ಜೋಡಿ ಮಾಡಿದವರು ಈ ಹೆಸರುಗಳನ್ನು ಕೇಳಿರಲಿಕ್ಕಿಲ್ಲ, ಜೋಡಿ ಮಾತ್ರ ಸರಿಯಾಗಿಯೇ ಮಾಡಿದ್ದಾರೆ. ಇನ್ನು ಅವಲಕ್ಕಿ, ಚುರಮುರಿ 50 ಗ್ರಾಂ ತಿಂದರೆ ಮೂರೂವರೆ ಗ್ರಾಂ ಆಸುಪಾಸು. ಶಾಲೆಯ ಬಿಸಿಯೂಟದಲ್ಲಿ ತತ್ತಿ ತಿನ್ನದ ಮಕ್ಕಳಿಗೆ ಕೊಡುವ ಬಾಳೆಹಣ್ಣಿನಲ್ಲಿ ಒಂದು ಗ್ರಾಂ ಚಿಲ್ಲರೆ. ಬಾಳೆಹಣ್ಣು ಒಳ್ಳೆಯದೇ, ಆದರೆ ತತ್ತಿಗೆ ಅದು ಸಮ ಅಂದುಕೊಂಡು ಮನೆಯಲ್ಲಿ ಕೈಬಿಡಬಾರದು.

30 ಗ್ರಾಂ ಒಣ ಹೆಸರುಕಾಳು ಅಥವಾ 30 ಗ್ರಾಂ ಕಡ್ಲಿಹಿಟ್ಟು ಅಥವಾ 25 ಗ್ರಾಂ ಶೇಂಗಾ, ಯಾವುದೇ ಒಂದು ಹೊಟ್ಟೆಗೆ ಹೋದರೂ ಒಂದು ತತ್ತಿಯಷ್ಟು ಪ್ರೋಟೀನ್ ಹೋದಂತೆ. ಒಂದು ಹಿಡಿಗಿಂತ ಹೆಚ್ಚಿಲ್ಲ. ಅದೂ ಗದಗ, ನವಲಗುಂದದ ಎರಿ ಹೊಲದಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡ್ಲಿ ಬೆಳೆಯುವ ಸೀಮೆ ನಮ್ಮದು. ಅಣ್ಣಿಗೇರಿ-1 ಅಂತ ಊರ ಹೆಸರು ಹೊತ್ತ ಕಡ್ಲಿ ತಳಿಯೇ ಇದೆ.

ಮುಂದೆ ಬಟ್ಟಲು ಅಂದಲ್ಲೆಲ್ಲ 200 ಮಿಲಿ ಅಳತೆ ಅಂತ ತಿಳಕೊಳ್ರಿ.

ಮೊದಲು ಉದುರು ಜುಣಕ. ತತ್ತಿ ಬುರ್ಜಿ ಬಿಟ್ಟವರಿಗೆ ಇದಕ್ಕಿಂತ ಹತ್ತಿರದ ತಿಂಡಿ ಮತ್ತೊಂದಿಲ್ಲ ಅಂತ ನನ್ನ ಖಡಕ್ ಅಭಿಪ್ರಾಯ. ಮೂರು ಜನಕ್ಕೆ ಒಂದು ಬಟ್ಟಲು ಕಡ್ಲಿಹಿಟ್ಟು, ಅಂದರೆ ಸುಮಾರು 90 ಗ್ರಾಂ. ದೊಡ್ಡ ಉಳ್ಳಾಗಡ್ಡಿ ಎರಡು, ಹಸಿಮೆಣಸಿನಕಾಯಿ ಮೂರು, ಬಳ್ಳೊಳ್ಳಿ ಐದಾರು ಎಸಳು, ಎಣ್ಣೆ ಮೂರು ದೊಡ್ಡ ಚಮಚ. ಎಣ್ಣೆಯಲ್ಲಿ ಸಾಸಿವಿ, ಜೀರಗಿ, ಕರಿಬೇವು, ಜಜ್ಜಿದ ಬಳ್ಳೊಳ್ಳಿ ಹಾಕಿ, ಉಳ್ಳಾಗಡ್ಡಿ ಮೆತ್ತಗಾಗುವವರೆಗೆ ಹುರೀರಿ. ಕೆಂಪಗೆ ಮಾಡಬ್ಯಾಡ್ರಿ, ಸಿಹಿಯಾಗುತ್ತದೆ. ಅರಿಷಿಣ, ಉಪ್ಪು ಬಿದ್ದ ಮೇಲೆ ಒಣ ಹಿಟ್ಟು ಉದುರಿಸಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕೈಯಾಡಿಸ್ರಿ. ಹಸಿ ಹಿಟ್ಟಿನ ವಾಸನೆ ಹೋಗಿ ಬೇಸನ್ ಉಂಡಿ ಹುರಿಯುವಾಗಿನ ಘಮ ಬರಬೇಕು. ಆಮೇಲೆ ಕೈಯಿಂದ ನೀರು ಚಿಮುಕಿಸ್ರಿ. ಒಟ್ಟು ಅರ್ಧ ಬಟ್ಟಲು ನೀರು ಸಾಕು, ಅದೂ ಮೂರು ಸಲಕ್ಕೆ. ಪ್ರತಿ ಸಲ ಚಿಮುಕಿಸಿ, ಕೆದರಿ, ಮುಚ್ಚಿ ಎರಡು ನಿಮಿಷ.

ಇಲ್ಲಿ ಕೆಡುವುದು ಎರಡೇ ರೀತಿ. ನೀರನ್ನು ಒಮ್ಮೆಲೇ ಸುರಿದರೆ ಹಿಟ್ಟು ಮುದ್ದೆಯಾಗಿ ತಳ ಹಿಡಿಯುತ್ತದೆ, ಮೇಲೆ ಒಣ, ಒಳಗೆ ಹಸಿ. ನೀರು ಕಡಿಮೆಯಾದರೆ ಬಾಯಲ್ಲಿ ಹಿಟ್ಟು ಅಂಟಿ ಗಂಟಲು ಹಿಡಿಯುತ್ತದೆ. ಸರಿಯಾದ ಜುಣಕವನ್ನು ಬೆರಳಲ್ಲಿ ಹಿಚುಕಿದರೆ ಒದ್ದೆ ಉಸುಕಿನ ಹಾಗೆ ಒಂದಕ್ಕೊಂದು ಹಿಡಿದು, ಬಿಟ್ಟರೆ ಉದುರಬೇಕು. ತಿನ್ನುವ ಮುಂಚೆ ಲಿಂಬಿಹಣ್ಣು, ಕೊತಂಬರಿ. ಬಿಸಿ ರೊಟ್ಟಿಗೂ ಸರಿ, ಬ್ರೆಡ್ಡಿನ ನಡುವೆ ಇಟ್ಟರೂ ಸರಿ.

ಕಡ್ಲಿಹಿಟ್ಟನ್ನು ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ತರುವುದಕ್ಕಿಂತ ಕಡ್ಲಿಬ್ಯಾಳಿಯನ್ನೇ ಗಿರಣಿಗೆ ಕೊಟ್ಟು ಬೀಸಿಸುವುದು ಒಳ್ಳೆಯದು. ಜುಣಕಕ್ಕೆ ಸ್ವಲ್ಪ ತರಿ ಇರಲಿ, ಆಮ್ಲೆಟ್ಟಿಗೆ ನುಣ್ಣಗೆ ಇರಲಿ.

ಹೌದು, ಆಮ್ಲೆಟ್. ಕಡ್ಲಿಹಿಟ್ಟಿನ ದ್ವಾಸಿಗೆ ಹೊಟೇಲಿನವರು 'ಟೊಮೆಟೊ ಆಮ್ಲೆಟ್' ಅಂತ ಹೆಸರಿಟ್ಟಿದ್ದಾರೆ, ಒಳಗೆ ತತ್ತಿ ಇರುವುದಿಲ್ಲ. ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲು ಬಟ್ಟಲು ನೀರು. ಮೊದಲು ಕಾಲು ಬಟ್ಟಲು ನೀರಲ್ಲಿ ಗಟ್ಟಿಯಾಗಿ ಕಲಸಿ ಗಂಟು ಒಡೆದು, ಉಳಿದದ್ದನ್ನು ಆಮೇಲೆ ಸೇರಿಸ್ರಿ. ಮೊದಲೇ ಪೂರಾ ನೀರು ಹಾಕಿದರೆ ಗಂಟುಗಳು ತೇಲುತ್ತ ಓಡಾಡುತ್ತವೆ, ಒಡೆಯುವುದಿಲ್ಲ. ಅಜವಾನ ಅರ್ಧ ಚಮಚ, ಉಪ್ಪು, ಅರಿಷಿಣ ಹಾಕಿ ಹದಿನೈದು ನಿಮಿಷ ಬಿಡ್ರಿ. ಹಿಟ್ಟು ನೀರು ಕುಡಿಯಲು ಅಷ್ಟು ಹೊತ್ತು ಬೇಕು. ಟೊಮೆಟೊದ ಬೀಜ-ರಸ ತೆಗೆದು ಸಣ್ಣಗೆ ಹೆಚ್ಚಿ, ಹಂಚಿಗೆ ಹಾಕುವ ಮುಂಚೆ ಮಾತ್ರ ಬೆರೆಸ್ರಿ. ಉಪ್ಪು ಬಿದ್ದ ಟೊಮೆಟೊ ನೀರು ಬಿಟ್ಟು ಹಿಟ್ಟನ್ನು ತೆಳ್ಳಗೆ ಮಾಡುತ್ತದೆ, ಮಗುಚುವಾಗ ಹರಿಯುವುದಕ್ಕೆ ಮುಖ್ಯ ಕಾರಣ ಅದೇ. ಇಷ್ಟರಲ್ಲಿ ಮೂರು ದಪ್ಪ ಆಮ್ಲೆಟ್ ಆಗುತ್ತವೆ, ಒಂದೊಂದರಲ್ಲಿ ಒಂದು ತತ್ತಿಯ ಪ್ರೋಟೀನ್. ಮಧ್ಯಮ ಉರಿ, ಮುಚ್ಚಿ ಎರಡು ನಿಮಿಷ, ಮಗುಚಿ ಮತ್ತೆರಡು ನಿಮಿಷ. ದೊಡ್ಡ ಉರಿಯಲ್ಲಿ ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿದರೆ ಕಹಿ ಅನ್ನಿಸುತ್ತದೆ, ಹೊಟ್ಟೆಯೂ ಉಬ್ಬರಿಸುತ್ತದೆ. ತತ್ತಿಯ ವಾಸನೆಯೇ ನೆನಪಾಗುತ್ತದೆ ಅನ್ನುವವರು ಮೇಲೆ ಒಂದು ಚಿಟಿಕೆ ಕಾಲಾ ನಮಕ್ ಉದುರಿಸಿಕೊಳ್ಳಬಹುದು. ಅದರಲ್ಲಿರುವ ಗಂಧಕದ ಅಂಶಕ್ಕೆ ಬೇಯಿಸಿದ ತತ್ತಿಯದೇ ವಾಸನೆ. ಬಿಟ್ಟದ್ದನ್ನು ಮೂಗಿನಲ್ಲಾದರೂ ಇಟ್ಟುಕೊಳ್ಳಲಿ ಪಾಪ.

ಹೆಸರುಕಾಳಿನ ದ್ವಾಸಿಗೆ ರಾತ್ರಿ ನೆನೆ ಹಾಕುವುದೊಂದೇ ಶ್ರಮ, ಹುದುಗುವ ಕೆಲಸ ಇಲ್ಲ. ಒಂದು ಬಟ್ಟಲು ಇಡೀ ಕಾಳು, ಎರಡು ದೊಡ್ಡ ಚಮಚ ಅಕ್ಕಿ, ಆರರಿಂದ ಎಂಟು ತಾಸು ನೀರಲ್ಲಿ. ಮರೆತು ಮಲಗಿದರೆ ಮುಂಜಾನೆ ಎದ್ದು ಹೆಸರುಬ್ಯಾಳಿ ನೆನೆ ಹಾಕ್ರಿ, ಎರಡು ತಾಸಿಗೆ ತಯಾರು. ಶುಂಠಿ ಒಂದು ಇಂಚು, ಹಸಿಮೆಣಸಿನಕಾಯಿ ಮೂರು, ಜೀರಗಿ, ಉಪ್ಪು ಸೇರಿಸಿ ಮುಕ್ಕಾಲು ಬಟ್ಟಲು ನೀರಲ್ಲಿ ರುಬ್ಬಿದರೆ ಏಳೆಂಟು ದ್ವಾಸಿ ಆಗುತ್ತವೆ. ಎರಡು ದ್ವಾಸಿಯಲ್ಲಿ ಸುಮಾರು ಹತ್ತು ಗ್ರಾಂ ಪ್ರೋಟೀನ್. ಆ ಎರಡು ಚಮಚ ಅಕ್ಕಿ ಗರಿ ಬರಲಿಕ್ಕೆ. ಬಿಟ್ಟರೆ ದ್ವಾಸಿ ಮೆತ್ತಗಾಗುತ್ತದೆ, ಕೆಡುವುದಿಲ್ಲ.

ಇದರಲ್ಲಿ ಎಲ್ಲರೂ ಸೋಲುವುದು ಹಂಚಿನ ಕಾವಿನಲ್ಲಿ. ಹಂಚು ಕಾದು ಹೊಗೆಯಾಡುತ್ತಿದ್ದಾಗ ಹಿಟ್ಟು ಹುಯ್ದರೆ ಅದು ಬಿದ್ದಲ್ಲೇ ಹಿಡಿದು, ಸೌಟು ತಿರುವಿದಂತೆ ಸೌಟಿನ ಜೊತೆಗೇ ಎದ್ದು ಬರುತ್ತದೆ. ನೀರು ಚಿಮುಕಿಸಿ, ಅರ್ಧ ಉಳ್ಳಾಗಡ್ಡಿಯಿಂದ ಹಂಚು ಒರೆಸಿ, ಉರಿ ಸಣ್ಣ ಮಾಡಿ ಹಿಟ್ಟು ಹರವಿ, ಆಮೇಲೆ ಉರಿ ದೊಡ್ಡದು ಮಾಡ್ರಿ. ಉಳಿದ ಹಿಟ್ಟನ್ನು ಹೊರಗಿಟ್ಟರೆ ಇಡ್ಲಿ ಹಿಟ್ಟಿನ ಹಾಗೆ ಚೊಕ್ಕ ಹುಳಿ ಬರುವುದಿಲ್ಲ, ನಾತ ಬರುತ್ತದೆ. ಫ್ರಿಜ್ಜಿನಲ್ಲಿಟ್ಟು ಮರುದಿನವೇ ಮುಗಿಸ್ರಿ.

ಸುಸಲಾ ಬ್ಯಾಡ ಅಂತ ನಾನು ಹೇಳುತ್ತಿಲ್ಲ. ಹಾಗಂದರೆ ನಮ್ಮ ಊರಲ್ಲಿ ಬದುಕುವುದು ಕಷ್ಟ. ಅದರಲ್ಲೇ ಪುಟಾಣಿ (ಹುರಿಗಡಲೆ) ಪುಡಿಯೂ ಶೇಂಗಾವೂ ಇವೆ, ನಾವು ಕೈ ಬಿಗಿ ಹಿಡಿಯುತ್ತೇವೆ ಅಷ್ಟೇ. ಒಬ್ಬರಿಗೆ 50 ಗ್ರಾಂ ಚುರಮುರಿ ಇದ್ದರೆ 20 ಗ್ರಾಂ ಪುಟಾಣಿ ಪುಡಿ, 20 ಗ್ರಾಂ ಹುರಿದ ಶೇಂಗಾ ಹಾಕ್ರಿ, ಒಟ್ಟು ಹನ್ನೆರಡು ಗ್ರಾಂ ಪ್ರೋಟೀನ್ ಸಿಗುತ್ತದೆ. ಪುಡಿಯನ್ನು ಒಲೆ ಆರಿಸಿದ ಮೇಲೆ ಉದುರಿಸ್ರಿ. ಬಿಸಿ ಒಗ್ಗರಣೆಗೆ ಮೊದಲೇ ಬಿದ್ದರೆ ನೀರು ಎಳೆದುಕೊಂಡು ಗಂಟು ಕಟ್ಟುತ್ತದೆ. ದಪ್ಪ ಚುರಮುರಿಯನ್ನು ನೀರಲ್ಲಿ ಅದ್ದಿ ಕೂಡಲೇ ಹಿಂಡಬೇಕು. ತೆಳ್ಳನೆಯ ಗರಿ ಚುರಮುರಿಗೆ ನೀರು ಚಿಮುಕಿಸಿದರೆ ಸಾಕು, ಅದ್ದಿದರೆ ಗಂಜಿ.

ಮೊಳಕೆ ಕಾಳಿನ ಉಸುಳಿ ಮುಂಜಾನೆಗೆ ಭಾರ ಅನ್ನುವವರಿದ್ದಾರೆ. ಭಾರವಾಗುವುದು ಅರ್ಧ ಬೆಂದರೆ. ಮಡಕಿಕಾಳು ಅಥವಾ ಹೆಸರುಕಾಳು ಎಂಟು ತಾಸು ನೆನೆದ ಮೇಲೆ ನೀರು ಪೂರ್ತಿ ಬಸಿದು, ಒದ್ದೆ ಅರಿವೆಯಲ್ಲಿ ಸಡಿಲ ಗಂಟು ಕಟ್ಟಿ ಇಡ್ರಿ. ಏಪ್ರಿಲ್‌ನಲ್ಲಿ ಹನ್ನೆರಡು ತಾಸಿಗೆ ಮೊಳಕೆ, ಧಾರವಾಡದ ಡಿಸೆಂಬರ್ ಥಂಡಿಯಲ್ಲಿ ಒಂದೂವರೆ ದಿನ. ಅಂಟಂಟಾಗಿ ವಾಸನೆ ಬಂದರೆ ಕಾರಣ ನೀರು ಬಸಿಯದೆ ಉಳಿದದ್ದು ಅಥವಾ ಗಂಟು ಬಿಗಿಯಾದದ್ದು. ಅದನ್ನು ತೊಳೆದು ಉಳಿಸಿಕೊಳ್ಳಲು ನೋಡಬ್ಯಾಡ್ರಿ, ಚೆಲ್ಲ್ರಿ. ಮಡಕಿಕಾಳಿನಲ್ಲಿ ನೆನೆದರೂ ಕಲ್ಲಿನಂತೆ ಉಳಿಯುವ ಕಾಳು ಕೆಲವು ಇದ್ದೇ ಇರುತ್ತವೆ, ಅವನ್ನು ಆರಿಸದಿದ್ದರೆ ಹಲ್ಲಿಗೆ ಏಟು. ಸಣ್ಣ ಮಕ್ಕಳಿಗೆ ಹಸಿ ಮೊಳಕೆ ಕೊಡಬ್ಯಾಡ್ರಿ, ಆ ಬೆಚ್ಚಗಿನ ತೇವದಲ್ಲಿ ಮೊಳಕೆಯ ಜೊತೆ ಬ್ಯಾಕ್ಟೀರಿಯಾವೂ ಬೆಳೆಯುತ್ತದೆ. ಮೊದಲು ಹಬೆಯಲ್ಲಿ ಮೆತ್ತಗಾಗುವವರೆಗೆ ಬೇಯಿಸಿ, ಆಮೇಲೆ ಬಳ್ಳೊಳ್ಳಿ, ಕರಿಬೇವು, ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ. ಹುಳಿ ಕೊನೆಗೆ ಬೀಳಲಿ. ಹುಣಸಿಹುಳಿಯೋ ಟೊಮೆಟೊವೋ ಮೊದಲೇ ಬಿದ್ದರೆ ಕಾಳು ಬೇಯಲು ಹಠ ಮಾಡುತ್ತದೆ.

ಪಡ್ಡಿನ ಬಗ್ಗೆ ಎಲ್ಲರಿಗೂ ಗೊತ್ತಿರುವುದರಿಂದ ಅಳತೆ ಮಾತ್ರ: ಅಕ್ಕಿ ಎರಡು ಬಟ್ಟಲು, ಉದ್ದಿನಬ್ಯಾಳಿ ಒಂದು, ಕಡ್ಲಿಬ್ಯಾಳಿ ಕಾಲು, ಅವಲಕ್ಕಿ ಅರ್ಧ, ಮೆಂತ್ಯಕಾಳು ಅರ್ಧ ಚಮಚ. ನಾಲ್ಕಕ್ಕೆ ಒಂದು ಉದ್ದು ಹಾಕುವ ಮನೆಗಳಿಗಿಂತ ಇದರಲ್ಲಿ ಬ್ಯಾಳಿ ಜಾಸ್ತಿ, ಬೇಕಂತಲೇ. ಚಳಿಗಾಲದಲ್ಲಿ ಹಿಟ್ಟು ಉಬ್ಬಲಿಲ್ಲ ಅಂತ ಸೋಡಾ ಸುರಿಯುವ ಮುಂಚೆ ಬೋಗುಣಿಗೆ ಹಳೆ ಕೌದಿ ಹೊದಿಸಿ ಇನ್ನೂ ನಾಲ್ಕು ತಾಸು ಕಾಯ್ರಿ.

ಈಗ ಸ್ವಲ್ಪ ಗಂಭೀರ ಮಾತು. ಪದ್ಧತಿಯಿಂದ ತತ್ತಿ ತಿನ್ನದವರು ಬೇರೆ, ಅಲರ್ಜಿಯಿಂದ ತಿನ್ನಬಾರದವರು ಬೇರೆ. ಮೊದಲನೆಯವರ ತಟ್ಟೆಗೆ ತಪ್ಪಿ ಚೂರು ಬಿದ್ದರೆ ಮನಸ್ಸಿಗೆ ಬೇಸರ, ಎರಡನೆಯವರಿಗೆ ಪ್ರಾಣಕ್ಕೇ ಬರಬಹುದು. "ಛಲೋತ್ನ್ಯಾಗ ಬೇಯಿಸಿದ್ರ ಏನೂ ಆಗೂದಿಲ್ಲ" ಅನ್ನುವ ಹಿರಿಯರ ಮಾತನ್ನು ಇಲ್ಲಿ ಕೇಳಬಾರದು. ಬಿಳಿ ಭಾಗದಲ್ಲಿರುವ ಓವಾಲ್ಬುಮಿನ್ ಅನ್ನುವ ಪ್ರೋಟೀನ್ ಕಾವಿಗೆ ಬದಲಾಗುತ್ತದೆ, ಓವೊಮ್ಯೂಕಾಯ್ಡ್ ಅನ್ನುವುದು ಬೇಯಿಸಿದರೂ ಜಗ್ಗುವುದಿಲ್ಲ. ಕೇಕಿನಲ್ಲಿ ಬೆಂದ ತತ್ತಿ ಕೆಲವು ಮಕ್ಕಳಿಗೆ ಆಗಿಬರುತ್ತದೆ, ಕೆಲವರಿಗೆ ಇಲ್ಲ, ಅದನ್ನು ಪರೀಕ್ಷೆ ಮಾಡುವ ಜಾಗ ಆಸ್ಪತ್ರೆ, ಮನೆಯ ಅಡಿಗೆಮನೆ ಅಲ್ಲ. ಬಿಳಿ ತೆಗೆದು ಹಳದಿ ಕೊಡುವುದೂ ಬ್ಯಾಡ, ಎರಡನ್ನೂ ಚೊಕ್ಕ ಬೇರ್ಪಡಿಸಲು ಆಗುವುದಿಲ್ಲ. ಬಹಳಷ್ಟು ಮಕ್ಕಳಿಗೆ ಬೆಳೆಯುತ್ತ ಬೆಳೆಯುತ್ತ ಈ ಅಲರ್ಜಿ ಹೋಗುತ್ತದೆ, ಹೋಯಿತೋ ಇಲ್ಲವೋ ಅಂತ ಡಾಕ್ಟರೇ ಹೇಳಲಿ. ತಿಂದ ಕೆಲ ನಿಮಿಷದಿಂದ ಎರಡು ತಾಸಿನೊಳಗೆ ಮೈಮೇಲೆ ದದ್ದು, ತುಟಿ ಬಾವು, ವಾಂತಿ ಕಾಣಬಹುದು. ಉಸಿರು ಕಟ್ಟಿದಂತಾದರೆ, ಮಗು ಮಂಕಾದರೆ ಮನೆಮದ್ದು ಹುಡುಕದೆ 108ಕ್ಕೆ ಫೋನ್ ಮಾಡ್ರಿ.

ಶೇಂಗಾ ಕೂಡ ಅಲರ್ಜಿ ತರಬಲ್ಲ ಪದಾರ್ಥ. ತತ್ತಿ ಅಲರ್ಜಿ ಇರುವ ಕೂಸಿಗೆ ಶೇಂಗಾ ಹಿಂಡಿ ಮೊದಲ ಸಲ ತಿನ್ನಿಸುವ ಮುಂಚೆ ಡಾಕ್ಟರ್ ಹತ್ತಿರ ಒಂದು ಮಾತು ಕೇಳ್ರಿ.

ಹೊರಗಿನ ತಿಂಡಿಯಲ್ಲಿ ಪಾಕೀಟಿನ ಮೇಲೆ ಹಸಿರು ಚುಕ್ಕಿ ಇದ್ದರೆ ಅದರ ಪದಾರ್ಥಗಳಲ್ಲಿ ತತ್ತಿ ಇಲ್ಲ ಅಂತ ಅರ್ಥ. ನಮ್ಮ ದೇಶದ ನಿಯಮದಲ್ಲಿ ತತ್ತಿ ಮಾಂಸಾಹಾರದ ಗುರುತಿಗೇ ಸೇರುತ್ತದೆ, ಇದು ನಮಗೊಂದು ಅನುಕೂಲ. ಆದರೆ ಅದೇ ಕಾರ್ಖಾನೆಯಲ್ಲಿ ತತ್ತಿಯ ಬಿಸ್ಕೀಟೂ ತಯಾರಾಗುತ್ತದೋ ಏನೋ ಹಸಿರು ಚುಕ್ಕಿ ಹೇಳುವುದಿಲ್ಲ, ಅದಕ್ಕೆ ಕೆಳಗಿನ ಸಣ್ಣ ಅಕ್ಷರದ ಅಲರ್ಜಿ ಸೂಚನೆ ಓದಬೇಕು. ಬೇಕರಿಯ ಗಾಜಿನ ಕಪಾಟಿನಲ್ಲಿರುವ ಬನ್, ಪಫ್, ಖಾರಿಗೆ ಯಾವ ಚುಕ್ಕಿಯೂ ಇಲ್ಲ. "ತತ್ತಿ ಹಾಕೀರೇನು?" ಅಂತಷ್ಟೇ ಕೇಳಿದರೆ ಸಾಲದು, "ಮ್ಯಾಲೆ ಹಚ್ಚೀರೇನು?" ಅಂತಲೂ ಕೇಳ್ರಿ. ಹಿಟ್ಟಿಗೆ ತತ್ತಿ ಹಾಕದೆ, ಹೊಳಪು ಬರಲೆಂದು ಮೇಲೆ ಮಾತ್ರ ಸವರುವ ರೂಢಿ ಬೇಕರಿ ಕೆಲಸದಲ್ಲಿ ಇದೆ. ಗಾಡಿಗಳಲ್ಲಿ ಅದೇ ಹಂಚಿನ ಮೇಲೆ ಆಮ್ಲೆಟ್ಟೂ ದ್ವಾಸಿಯೂ ಆಗುತ್ತಿದ್ದರೆ ಅಲರ್ಜಿ ಇರುವವರು ಅಲ್ಲಿಂದ ಮುಂದೆ ನಡೆಯುವುದೇ ಒಳ್ಳೆಯದು. ಅರಿವೆಯಿಂದ ಒರೆಸಿದ ಹಂಚು ತೊಳೆದ ಹಂಚಲ್ಲ. ಮನೆಯಲ್ಲಿ ಉಳಿದವರು ತತ್ತಿ ತಿನ್ನುತ್ತಿದ್ದರೆ ಹಂಚು, ಸಟ್ಟುಗ ಎರಡನ್ನೂ ಬೇರೆ ಇಡುವುದು ಸುಲಭ, ದಿನಾ ಉಜ್ಜುತ್ತ ಅನುಮಾನಪಡುವುದಕ್ಕಿಂತ.

ಕಾಳಿನಿಂದ ಬಾರದ ಒಂದು ಅಂಶ ಬಿ12. ತತ್ತಿಯಲ್ಲಿದೆ, ಹಾಲು ಮೊಸರಿನಲ್ಲಿದೆ, ಕಾಳಿನಲ್ಲಿ ಇಲ್ಲ. ಹಾಗಾಗಿ ರೊಟ್ಟಿ-ಉಸುಳಿಯ ಪಕ್ಕದಲ್ಲಿ ಒಂದು ಬಟ್ಟಲು ಕೆನಿಮೊಸರು ಬರೀ ರುಚಿಗಲ್ಲ. ಹಾಲೂ ಆಗದವರು ಡಾಕ್ಟರ್ ಹತ್ತಿರ ಬಿ12 ಬಗ್ಗೆ ಕೇಳಲೇಬೇಕು.

ಮಕ್ಕಳು ಪ್ಯಾನ್‌ಕೇಕ್ ಬೇಕು ಅಂತ ಹಠ ಹಿಡಿದರೆ ನಮ್ಮ ಅಗಸಿ ಇದೆ. ಹುರಿಯದ ಅಗಸಿಯ ಪುಡಿ ಒಂದು ದೊಡ್ಡ ಚಮಚಕ್ಕೆ ಮೂರು ದೊಡ್ಡ ಚಮಚ ನೀರು ಕಲಸಿ ಹತ್ತು ನಿಮಿಷ ಇಟ್ಟರೆ ಲೋಳೆಯಾಗುತ್ತದೆ, ಅದು ಒಂದು ತತ್ತಿಯ ಬದಲಿಗೆ. ಡಬ್ಬಿಯಲ್ಲಿರುವ ಅಗಸಿ ಹಿಂಡಿ ಇದಕ್ಕೆ ನಡೆಯುವುದಿಲ್ಲ, ಖಾರದ ಪ್ಯಾನ್‌ಕೇಕ್ ಬೇಕಿದ್ದರೆ ಮಾತು ಬೇರೆ. ಅಗಸಿ ಹಿಟ್ಟನ್ನು ಹಿಡಿದಿಡುತ್ತದೆ, ಉಬ್ಬಿಸುವುದಿಲ್ಲ. ಉಬ್ಬಲು ಒಂದು ಬಟ್ಟಲು ಗೋಧಿಹಿಟ್ಟಿಗೆ ಕಾಲು ಚಮಚ ಸೋಡಾ, ಕಾಲು ಬಟ್ಟಲು ಹುಳಿಮೊಸರು ಬೇಕು, ಕಲಸಿದ ಕೂಡಲೇ ಹಂಚಿಗೆ ಹೋಗಬೇಕು. ಹೊತ್ತಾದಷ್ಟು ಗಾಳಿ ಹೋಗಿ ಚಪ್ಪಟೆಯಾಗುತ್ತದೆ.

ಕೊನೆಗೆ ಡಬ್ಬಿಯ ವಿಚಾರ. ಹೆಸರು ದ್ವಾಸಿ ಎರಡು ತಾಸಿಗೆ ಚರ್ಮದಂತಾಗುತ್ತದೆ, ಮಧ್ಯಾಹ್ನದ ಬಿಡುವಿಗೆ ಅದನ್ನು ಕಟ್ಟಬ್ಯಾಡ್ರಿ. ಡಬ್ಬಿಗೆ ಥಾಲಿಪೆಟ್ಟೇ ಸರಿ. ತಿಂಗಳಿಗೊಮ್ಮೆ ಜೋಳ ಎರಡು ಬಟ್ಟಲು, ಕಡ್ಲಿಬ್ಯಾಳಿ ಒಂದು, ಉದ್ದಿನಬ್ಯಾಳಿ, ಗೋಧಿ, ಅಕ್ಕಿ ಅರ್ಧರ್ಧ, ಕೊತಂಬರಿ ಬೀಜ ಕಾಲು, ಜೀರಗಿ ಒಂದು ದೊಡ್ಡ ಚಮಚ, ಎಲ್ಲ ಬೇರೆ ಬೇರೆ ಹುರೀರಿ. ಒಟ್ಟಿಗೆ ಹುರಿದರೆ ಜೋಳ ಬಿಸಿಯಾಗುವಷ್ಟರಲ್ಲಿ ಉದ್ದು ಕರಕಾಗಿರುತ್ತದೆ. ಪೂರ್ತಿ ಆರಿಸಿ ಗಿರಣಿಗೆ ಒಯ್ರಿ. ಜೋಳದಲ್ಲಿ ಗೋಧಿಯಂತೆ ಜಿಗಿ ಇಲ್ಲದ್ದರಿಂದ ತಣ್ಣೀರಲ್ಲಿ ಕಲಸಿದರೆ ಅಂಚು ಸೀಳುತ್ತದೆ, ಕೈ ತಡೆಯುವಷ್ಟು ಬಿಸಿ ನೀರೇ ಬೇಕು. ಉಳ್ಳಾಗಡ್ಡಿ, ಮೆಂತ್ಯ ತಪ್ಪಲ ಸೇರಿಸಿದ ಮೇಲೆ ಹಿಟ್ಟು ಇನ್ನೂ ಮೆತ್ತಗಾಗುತ್ತದೆ, ಮೊದಲೇ ಸಡಿಲ ಮಾಡಿಕೊಳ್ಳಬ್ಯಾಡ್ರಿ. ಒದ್ದೆ ಅರಿವೆಯ ಮೇಲೆ ತಟ್ಟಿ, ಬೆರಳಿಂದ ನಾಲ್ಕೈದು ತೂತು ಮಾಡಿ, ಹಂಚಿಗೆ ಹಾಕಿ ತೂತಿಗೆ ಎಣ್ಣೆ ಬಿಟ್ಟು, ಮುಚ್ಚಿ ಬೇಯಿಸ್ರಿ. ಡಬ್ಬಿಗೆ ಹಾಕುವ ಮುಂಚೆ ಐದು ನಿಮಿಷ ಜಾಳಿಗೆಯ ಮೇಲೆ ಆರಲಿ. ಬಿಸಿಯಲ್ಲೇ ಮುಚ್ಚಿದರೆ ಹಬೆ ನೀರಾಗಿ ತಳದ ಥಾಲಿಪೆಟ್ಟು ನೆನೆದು ಹರಿಯುತ್ತದೆ, ಮಗು ಅದನ್ನು ಹಾಗೇ ವಾಪಸ್ ತರುತ್ತದೆ.